ಬೂದಿಯಲ್ಲಿ ಮಲಗಿದ್ದ ನಾಯಿ, ನಿಲ್ಲಲಾರದ ಕುರಿಗಳು

ಬಹಳ ಹಿಂದೆ, ಹೊಳೆಗಳಿಗೆ ಇನ್ನೂ ಹೆಸರಿಡದಿದ್ದ ಕಾಲದಲ್ಲಿ, ಕೆಂಗುಡ್ಡವೆಂಬ ರಾಜ್ಯವಿತ್ತು. ಅಲ್ಲಿ ಮೈಲಾರಿ ಎಂಬುವನು ಅರಮನೆಯ ನಗಾರಿ ಬಾರಿಸುತ್ತಿದ್ದ. ಅವನ ಕೈ ಸುಮ್ಮನಿದ್ದುದನ್ನು ಕಂಡವರಿಲ್ಲ. ಉಣ್ಣುವಾಗ ತಟ್ಟೆಯ ಮೇಲೆ, ಮಾತಾಡುವಾಗ ತೊಡೆಯ ಮೇಲೆ, ಮಲಗಿದಾಗ ಗೋಡೆಯ ಮೇಲೆ ಅವನ ಬೆರಳು ತಾಳ ಹಾಕುತ್ತಲೇ ಇರುತ್ತಿದ್ದವು.

"ಆ ಬೆರಳುಗಳನ್ನು ಒಂದು ಗಳಿಗೆ ಗೂಟಕ್ಕೆ ಕಟ್ಟಿ ಹಾಕಬಾರದೇ?" ಎಂದು ಹೆಂಡತಿ ಸಾವಂತ್ರಿ ಬೈಯುತ್ತಿದ್ದಳು.

ಅವರಿಗೆ ಮಕ್ಕಳಿರಲಿಲ್ಲ, ಬೂದ ಎಂಬ ನಾಯಿಯಿತ್ತು. ಹಾಲುರೊಟ್ಟಿ ತಿಂದು ಒಲೆಯ ಬೆಚ್ಚನೆ ಬೂದಿಯಲ್ಲಿ ಮಲಗುವುದು ಬಿಟ್ಟರೆ ಅದಕ್ಕೆ ಬೇರೆ ಕೆಲಸವಿರಲಿಲ್ಲ.

ಒಂದು ಸಂತೆಯ ದಿನ ಕರಾಳಕ ಎಂಬ ಮಾಂತ್ರಿಕ ಗುಡ್ಡದ ಮೇಲೆ ನಿಂತು ಉಣ್ಣೆ ಕತ್ತರಿಸುವ ಕತ್ತರಿಯನ್ನು ಮೂರು ಸಲ ಆಡಿಸಿದ. ಮೊದಲ ಸಲಕ್ಕೆ ರಾಜ್ಯದ ಕುರಿನಾಯಿಗಳೆಲ್ಲ ಕಲ್ಲಾದವು. ಎರಡನೆಯ ಸಲಕ್ಕೆ ಸಂತೆಯಲ್ಲಿದ್ದವರೆಲ್ಲ, ಕುದುರೆ ನೋಡಲು ಬಂದಿದ್ದ ರಾಜನಿಂದ ಹಿಡಿದು ಬಳೆಗಾರನವರೆಗೆ, ಕುರಿಗಳಾದರು. ಮೂರನೆಯ ಸಲಕ್ಕೆ ಆ ಕುರಿಗಳ ಕಾಲಿಗೆ ಒಂದೆಡೆ ನಿಲ್ಲುವ ಶಕ್ತಿ ಹೋಗಿ, ಅವು ಓಡುತ್ತಲೇ ಇರಬೇಕಾಯಿತು. ಆಮೇಲೆ ಮಾಂತ್ರಿಕ ಇನ್ನೂ ಯಾವ ನಾಯಿಯಾದರೂ ಉಳಿದಿದೆಯೇ ಎಂದು ಮನೆಮನೆಗೆ ಇಣುಕಿದ. ಮೈಲಾರಿಯ ಒಲೆಯಲ್ಲಿ ಬೂದಿಯ ಗುಡ್ಡೆಯೊಂದನ್ನು ಕಂಡು ಮುಂದೆ ಹೋದ.

ನಗಾರಿಗೆ ಹೊಸ ಚರ್ಮ ಹಾಕಿಸಲು ದೂರದ ಊರಿಗೆ ಹೋಗಿದ್ದ ಮೈಲಾರಿ ಮರಳಿದಾಗ ಸಂತೆಯಲ್ಲಿ ಬುಟ್ಟಿಗಳು ಮಗುಚಿ ಬಿದ್ದಿದ್ದವು. ನೆಲದ ತುಂಬ ಗೊರಸಿನ ಗುರುತು. ಮುನ್ನೂರು ಕುರಿಗಳು ಗುಡ್ಡ ಸುತ್ತುತ್ತಿದ್ದವು. ಹುಲ್ಲಿದ್ದರೂ ಮೇಯಲಿಲ್ಲ, ಕೆರೆಯಿದ್ದರೂ ಕುಡಿಯಲಿಲ್ಲ. ಸಂತೆಗೆ ಹೋಗಿದ್ದ ಸಾವಂತ್ರಿ ಅವುಗಳಲ್ಲಿ ಯಾವುದೋ ಒಂದು. ಗೊರಸಿನ ಸದ್ದು ಹಗಲಿರುಳು ಕೇಳುತ್ತಿತ್ತು. ಅದಕ್ಕೆ ಸರಿಯಾಗಿ ಮೈಲಾರಿಯ ಬೆರಳೂ ಬಡಿಯುತ್ತಿದ್ದವು.

ಅವನು ಬೂದನನ್ನು ಕರೆದುಕೊಂಡು ಗುಡ್ಡದಾಚೆಯ ಕುರಿಗಾತಿ ಹಾಲವ್ವಜ್ಜಿಯ ಬಳಿಗೆ ಓಡಿದ.

"ಇನ್ನು ಮೂರನೆಯ ಸಂಜೆ ಹೊತ್ತು ಮುಳುಗಿದಾಗ ಅವನು ಉಣ್ಣೆ ಕತ್ತರಿಸ್ತಾನೆ," ಎಂದಳು ಅಜ್ಜಿ. "ಆ ಉಣ್ಣೆಯ ಕಂಬಳಿ ಹೊದ್ದರೆ ಅವರೆಲ್ಲರ ಆಯಸ್ಸು ಅವನದು. ಅಷ್ಟರೊಳಗೆ ನನ್ನ ದೊಡ್ಡಿಗೆ ಸೇರಿಸಿದರೆ ಬದುಕಿದರು. ನಮ್ಮ ಹಿರಿಯರು ಕಟ್ಟಿದ ದೊಡ್ಡಿ. ಅದರೊಳಗೆ ಯಾವ ಮಾಯೆಯೂ ನಿಲ್ಲದು."

"ನಾನೇ ಅಟ್ಟಿಕೊಂಡು ಬರ್ತೀನಿ."

"ನೀನು ಎದ್ದು ಅವುಗಳತ್ತ ಹೋದರೆ ಸಾಕು, ಬೆದರಿ ದಿಕ್ಕಿಗೊಂದು ಓಡ್ತವೆ. ನಾಯಿ ಬೇಕು ತಮ್ಮಾ."

ಮೈಲಾರಿ ಬೂದನನ್ನು ಮುಂದೆ ನೂಕಿದ.

"ಇದು ನಾಯಿಯಾ? ಒಲೆ ಗುಡಿಸಿ ತಂದಿದ್ದೀಯೇನೋ ಅಂದುಕೊಂಡೆ."

"ಇದು ಕುರಿಯನ್ನೇ ಕಂಡಿಲ್ಲ ಅಜ್ಜೀ."

"ಕಂಡಿರಬೇಕಿಲ್ಲ. ರಕ್ತದಲ್ಲಿ ಇದೆಯೋ ಇಲ್ಲವೋ ನೋಡೋಣ. ನಮ್ಮಲ್ಲಿ ನಾಯಿ ಪರೀಕ್ಷೆಗೆ ಒಂದೇ ಕಟ್ಟಳೆ. ಒಡೆಯನಾದವನು ಕಂಬಳಿ ಹೊದ್ದು ಈ ಕಲ್ಲಿನ ಮೇಲೆ ಕೂರಬೇಕು. ಕರೆಯಬಾರದು, ಕೈ ತೋರಬಾರದು. ನಿನ್ನ ಮುಖ ನೋಡಿ ಮಾಡಿದ್ದು ಅದರ ಬುದ್ಧಿಯಲ್ಲ."

ಮೊದಲ ದಿನ ಅಜ್ಜಿ ಏಳು ಬಾತುಗಳನ್ನು ಬಿಟ್ಟಳು. ಬೂದ ಮೂಸಿತು, ಆಕಳಿಸಿತು. ಆಮೇಲೆ ಯಾರೂ ಹೇಳದೆ ತಲೆ ತಗ್ಗಿಸಿ ಬಾತುಗಳ ಹಿಂದಿನಿಂದ ಸುತ್ತು ಹಾಕತೊಡಗಿತು. ಮೈಲಾರಿಗೆ ತಡೆಯಲಾಗಲಿಲ್ಲ. "ಹಾಗೇ ಬೂದಾ! ಎಡಕ್ಕೆ! ಎಡಕ್ಕೆ!" ಎಂದು ಕೂಗಿಬಿಟ್ಟ. ನಾಯಿ ಬಾತುಗಳನ್ನು ಬಿಟ್ಟು ಬಾಲ ಅಲ್ಲಾಡಿಸುತ್ತ ಅವನ ಬಳಿಗೆ ಓಡಿ ಬಂತು. ಬಾತುಗಳು ಹೊಂಡಕ್ಕೆ ಹಾರಿದವು.

"ಪರೀಕ್ಷೆ ನಾಯಿಗೆ. ಸೋತವನು ನೀನು," ಎಂದಳು ಅಜ್ಜಿ.

ಎರಡನೆಯ ದಿನ ಐದು ಆಡುಗಳು. ಮೈಲಾರಿ ಕಂಬಳಿಯ ಅಂಚನ್ನು ಬಾಯಲ್ಲಿ ಕಚ್ಚಿ ಕೂತ. ಬೂದ ಅರ್ಧ ಸುತ್ತು ಹೋಯಿತು, ಮುಕ್ಕಾಲು ಸುತ್ತು ಹೋಯಿತು. ಗುಡ್ಡದ ಕಡೆಯಿಂದ ಗೊರಸಿನ ಸದ್ದು ಬರುತ್ತಲೇ ಇತ್ತು. ಕಂಬಳಿಯೊಳಗೆ ಬೆರಳು ತಾವಾಗಿಯೇ ತೊಡೆ ತಟ್ಟಿದವು. ಮನೆಯಲ್ಲಿ ಹಾಲುರೊಟ್ಟಿಗೆ ಕರೆಯುತ್ತಿದ್ದುದು ಹಾಗೆಯೇ. ಬೂದ ಬಂದು ಜೊಲ್ಲು ಸುರಿಸುತ್ತ ಎದುರು ಕೂತಿತು. ಆಡುಗಳು ಅಜ್ಜಿಯ ಅವರೆ ಬಳ್ಳಿಯನ್ನು ಬುಡಸಮೇತ ತಿಂದವು.

"ನಿನ್ನ ನಾಯಿ ಮಂದೆಯ ಮೇಲೆ ಬೀಳೋದಿಲ್ಲ, ಸುತ್ತಿ ಹೋಗುತ್ತೆ. ಅದನ್ನು ಯಾರೂ ಕಲಿಸೋಕಾಗಲ್ಲ. ನಿನ್ನ ಕೈಯೇ ಅದಕ್ಕೆ ಅಡ್ಡ."

"ಕೈ ಕಟ್ಟಿಬಿಡು ಅಜ್ಜೀ."

"ಕಟ್ಟಿದ ಕೈ ಹಗ್ಗದ ಜೊತೆ ಗುದ್ದಾಡುತ್ತೆ. ಅದೂ ನಾಯಿಗೆ ತಿಳಿಯುತ್ತೆ. ನೀನಾಗೇ ಸುಮ್ಮನಿರಬೇಕು."

ಮೂರನೆಯ ದಿನ ಕುರಿಗಳ ಪಕ್ಕೆಲುಬು ಎಣಿಸುವಂತಾಗಿದ್ದವು. ಸಂಜೆ ಅವು ದೊಡ್ಡಿಯ ಎದುರಿನ ಬಯಲಿಗೆ ಬಂದಾಗ ಅಜ್ಜಿ ಬೂದನ ಹಗ್ಗ ಬಿಚ್ಚಿದಳು. ನಾಯಿ ಬೊಗಳಲಿಲ್ಲ. ಬಯಲನ್ನೆಲ್ಲ ಬಳಸಿ ಒಂದು ಸುತ್ತು ಓಡಿತು. ಎರಡನೆಯ ಸುತ್ತು ಕಿರಿದಾಯಿತು. ಮೂರನೆಯ ಸುತ್ತಿಗೆ ಕುರಿಗಳು ಒತ್ತಾಗಿ, ದೊಡ್ಡಿಯ ಕಡೆ ಮುಖ ಮಾಡಿದವು.

ಗುಡ್ಡದ ಮೇಲಿಂದ ಕರಾಳಕ ಇದನ್ನು ಕಂಡ. ಆದರೆ ಅವನ ಕತ್ತರಿಯ ಮಾಯೆ ತಿಂಗಳಿಗೆ ಮೂರೇ ಸಲ. ಅವನು ಕತ್ತರಿಯನ್ನು ಅಲ್ಲೇ ಇಟ್ಟು, ಮಂತ್ರ ಹೇಳಿ ತಾನೇ ಒಂದು ಕುರಿಯಾಗಿ, ಕುಂಟುತ್ತ ಮೈಲಾರಿಯ ಕಲ್ಲಿನೆದುರು ಬಂದು ಬಿದ್ದ.

"ರೀ, ಕಾಲು ಮುರೀತು," ಎಂದಿತು ಕುರಿ, ಸಾವಂತ್ರಿಯ ದನಿಯಲ್ಲಿ. "ಎದ್ದು ಬನ್ನಿ. ನನ್ನೊಬ್ಬಳನ್ನು ಎತ್ತಿಕೊಳ್ಳಿ, ಸಾಕು."

ಮೈಲಾರಿ ಮಂದೆಯತ್ತ ನೋಡಿದ. ಎದ್ದರೆ ಮುನ್ನೂರೂ ಚೆದುರುತ್ತವೆ. ಏಳದಿದ್ದರೆ ಇವಳೊಬ್ಬಳು ಹೊರಗೇ ಉಳಿಯುತ್ತಾಳೆ. ಹೊತ್ತು ಮುಳುಗಲು ಗೇಣಷ್ಟೇ ಉಳಿದಿತ್ತು. ಬಯಲಿನಾಚೆ ಬೂದ ಓಟ ನಿಲ್ಲಿಸಿ ಅವನನ್ನೇ ನೋಡಿತು, ಕರೆಯುತ್ತಾನೇನೋ ಎಂದು. ಹತ್ತು ಬೆರಳೂ ತುಡಿದವು.

ತಾಳದಲ್ಲಿ ಪೆಟ್ಟಿಲ್ಲದ ಒಂದು ಜಾಗವಿರುತ್ತದೆ. ಎತ್ತಿದ ಕೈ ಇನ್ನೂ ಇಳಿಯದ ಜಾಗ. ಮೈಲಾರಿ ಅಲ್ಲಿಗೆ ಹೋಗಿ ಕೂತ. ಬೆರಳೊಂದೂ ಅಲುಗಲಿಲ್ಲ.

ಬೂದ ಮುಖ ತಿರುಗಿಸಿತು. ಅದಕ್ಕೆ ಕುರಿಯೆಂದರೆ ಕುರಿ. ಕುಂಟುವ ಕುರಿಯ ಹಿಂದೆ ಬಳಸಿ ಬಂದು ಹಿಮ್ಮಡಿಗೆ ಮೆಲ್ಲಗೆ ಹಲ್ಲು ತಾಗಿಸಿತು. ಕುರಿ ಕುಂಟುವುದನ್ನು ಮರೆತು ಓಡಿ ಮಂದೆಯೊಳಗೆ ಸೇರಿತು. ಮಂದೆ ದೊಡ್ಡಿಯೊಳಗೆ ಹೋಯಿತು. ಹಾಲವ್ವಜ್ಜಿ ಬಾಗಿಲಿಗೆ ಅಡ್ಡಗೋಲು ಇಳಿಸಿದಳು. ಹೊತ್ತು ಮುಳುಗಿತು.

ಒಳಗಿನ ಅರಚಾಟ ಸಂತೆಯ ಗದ್ದಲವಾಯಿತು. ರಾಜನ ಕಿರೀಟ ಓರೆಯಾಗಿತ್ತು. ಬಳೆಗಾರ ಬಳೆ ಹುಡುಕುತ್ತಿದ್ದ. ರಾಜ್ಯದಲ್ಲೆಲ್ಲ ಕಲ್ಲುಗಳು ಎದ್ದು ಬೊಗಳಿದವು. ದೊಡ್ಡಿಯ ಮೂಲೆಯಲ್ಲಿ ಒಬ್ಬ ಸಣಕಲು ಮುದುಕ ಮಂತ್ರ ಹೇಳಲು ಬಾಯಿ ತೆರೆದ. "ಬ್ಯಾ" ಎಂಬುದಷ್ಟೇ ಹೊರಬಂತು.

"ಇವನನ್ನು ನನಗೆ ಬಿಡಿ," ಎಂದಳು ಅಜ್ಜಿ. "ಹೊಸ ಅವರೆ ಬಳ್ಳಿಗೆ ನೀರು ಹೊರೋಕೆ ಆಳು ಬೇಕು."

ಸಾವಂತ್ರಿ ಎರಡು ಕಾಲಿನಲ್ಲೂ ನೆಟ್ಟಗೆ ನಡೆದು ಬಂದಳು. ಮೈಲಾರಿ ಅವಳ ಕಾಲನ್ನೇ ನೋಡಿದ.

"ನೀವು ಸುಮ್ಮನೆ ಕೂತಿದ್ದು ನೋಡಿ ನನಗೆ ಜೀವವೇ ಹೋಯ್ತು," ಎಂದಳು. "ನನ್ನ ಗಂಡ ಸತ್ತೇಹೋದ ಅಂದುಕೊಂಡೆ!"

ರಾಜ ಗಂಟಲು ಸರಿಪಡಿಸಿಕೊಂಡ. "ಮೈಲಾರೀ, ಊರೆಲ್ಲ ಕೇಳುವಂತೆ ನಗಾರಿ ಬಾರಿಸು."

ಬೂದ ಆಗಲೇ ಅಜ್ಜಿಯ ಒಲೆಯ ಬೂದಿಯಲ್ಲಿ ಸುರುಳಿ ಸುತ್ತಿಕೊಂಡಿತ್ತು.

"ನಾಯಿ ಮಲಗಿದೆ ಪ್ರಭೂ," ಎಂದ ಮೈಲಾರಿ. "ಎದ್ದ ಮೇಲೆ ಬಾರಿಸ್ತೀನಿ."

ರಾಜನೂ ಕಾದ, ರಾಜ್ಯವೂ ಕಾಯಿತು. ಮೂರು ದಿನ ಓಡಿ ದಣಿದವರೆಲ್ಲ ನೆಲ ಸಿಕ್ಕಲ್ಲಿ ಒರಗಿ ನಿದ್ದೆ ಹೋದರು. ಎದ್ದ ಮೇಲೆ ಉಂಡರು, ನಕ್ಕರು, ಬಹುಕಾಲ ಚೆನ್ನಾಗಿ ಬಾಳಿದರು. ಕೆಂಗುಡ್ಡದಲ್ಲಿ ಆಮೇಲೆ ಯಾರೂ ಮಲಗಿದ ನಾಯಿಯನ್ನು ಎಬ್ಬಿಸಲಿಲ್ಲ.