ನಿಂಬೆ ಗಿಡದ ಪಕ್ಕದ ಡಬ್ಬ

"ಕೈ ತೆಗೀರಿ!"

ತಾರಸಿಯ ಬಾಗಿಲಲ್ಲೇ ನಿಂತು ಕೂಗಿದಳು ಅವಳು.

ನಿಂಬೆ ಗಿಡದ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದವನು ಬೆಚ್ಚಿಬಿದ್ದ. ಮೊಣಕೈವರೆಗೂ ಮೈದಾಹಿಟ್ಟು. ಒಂದು ಕೈ ಅವಳ ಪ್ಲಾಸ್ಟಿಕ್ ಡಬ್ಬದ ಮುಚ್ಚಳದ ಮೇಲೆ!

ಕೆಳಗಿನ ಮನೆಗೆ ಹೊಸದಾಗಿ ಬಂದ ಬೇಕರಿಯವನು.

"ಮೇಡಂ, ಒಳಗೆ ಹಣ್ಣಿನ ಸಿಪ್ಪೆ ಹುಳಿ ಬರ್ತಾ ಇದೆ. ಇಷ್ಟು ಬಿಗಿ ಮುಚ್ಚಿದ್ರೆ ಗಾಳಿ ತುಂಬ್ಕೊಂಡು ಸಿಡಿಯುತ್ತೆ. ಸ್ವಲ್ಪ ಸಡಿಲ..."

"ಡಬ್ಬ ನಂದು, ಮುಚ್ಚಳಾನೂ ನಂದು. ನೀವು ನಿಮ್ಮ ಬನ್ನು ನೋಡ್ಕೊಳ್ಳಿ."

ಅವನು ತಲೆ ತಗ್ಗಿಸಿ ಇಳಿದುಹೋದ. ಅವಳು ಮುಚ್ಚಳವನ್ನು ಇನ್ನೊಂದು ಸುತ್ತು ಬಿಗಿ ಮಾಡಿದಳು.

ಆ ಗಿಡ ಅವಳ ಗಂಡ ನೆಟ್ಟದ್ದು. "ಮೊದಲ ಕಾಯಿ ಬಿಡಲಿ, ನಿಂಗೇ ಶರಬತ್ತು" ಎಂದಿದ್ದ. ಕಾಯಿ ಬಿಡುವ ಮೊದಲೇ ಅವನು ಹೋದ. ಎರಡು ವರ್ಷವಾಯಿತು.

ಬಾಳೆ, ಕಿತ್ತಳೆ ಸಿಪ್ಪೆ ನೆನೆಹಾಕಿ ಅವನು ಗೊಬ್ಬರ ಮಾಡುತ್ತಿದ್ದುದು ನೆನಪಿತ್ತು. ಎಷ್ಟು ಹಾಕಬೇಕೆಂದು ಕೇಳಿರಲಿಲ್ಲ. ಕೇಳಲು ಬೇಕಾದಷ್ಟು ದಿನಗಳಿವೆ ಅಂದುಕೊಂಡಿದ್ದಳು...

ಕಳೆದ ವಾರ ತಾನೂ ಒಂದು ಡಬ್ಬ ಇಟ್ಟಿದ್ದಳು. ಭಾನುವಾರ ವಾರಕ್ಕಾಗುವಷ್ಟು ಬಸಿದುಕೊಂಡು, ಹೊಸ ಸಿಪ್ಪೆ ತುಂಬಿ ಮುಚ್ಚುವುದು. ದಿನಾ ಗ್ರಂಥಾಲಯದ ಕೆಲಸಕ್ಕೆ ಹೊರಡುವ ಮುನ್ನ ಆ ಗಟ್ಟಿ ನೀರನ್ನು ಒಂದು ಚೊಂಬು ಬುಡಕ್ಕೆ ಸುರಿಯುವುದು. ಅವನಿಗೆ ಕೊಡಲಾಗದೆ ಉಳಿದದ್ದನ್ನೆಲ್ಲ ಸುರಿಯುವ ಹಾಗೆ.

ಎಲೆಯ ಅಂಚು ಸುಟ್ಟು ಕಂದಾಯಿತು. ಹಸಿವಾಗಿರಬೇಕು, ಪಾಪ! ಅವಳು ಎರಡು ಚೊಂಬು ಸುರಿದಳು.

ಒಂದು ಸಂಜೆ ಬೇಗ ಬಂದು ನೋಡಿದರೆ, ಗಿಡದ ಡ್ರಮ್ಮಿನ ತಳದಿಂದ ಕಂದು ನೀರು ಹರಿಯುತ್ತಿದೆ. ಪಕ್ಕದಲ್ಲಿ ಬಕೆಟ್ ಹಿಡಿದು ಆ ಬೇಕರಿಯವನು!

"ಬೇರು ಸುಡ್ತಾ ಇದೆ ಮೇಡಂ. ಬರೀ ನೀರಲ್ಲಿ ಮಣ್ಣು ತೊಳೆದ್ರೆ..."

"ನಮ್ಮವರು ನೆಟ್ಟಿದ್ದು ಅದು! ಕಳ್ಕೊಳ್ಳೋದು ಅಂದ್ರೆ ಏನು ಗೊತ್ತು ನಿಮಗೆ?"

ಅವನು ಬಕೆಟ್ ಕೆಳಗಿಟ್ಟ.

"ತಪ್ಪಾಯ್ತು."

ಅಂದಿನಿಂದ ಅವನು ತಾರಸಿಗೆ ಬರಲಿಲ್ಲ. ಅದಕ್ಕೆ ಮೊದಲು ದಿನಾ ಸಂಜೆ ಒಲೆಯ ಕಾವು ಆರಿಸಿಕೊಳ್ಳಲು ಬಂದು, ತಾರಸಿಯ ಮೂಲೆಯಲ್ಲಿ ನಿಂತು ಮೆಲ್ಲಗೆ ಸಿಳ್ಳೆ ಹಾಕುತ್ತಿದ್ದ. ಆ ಸಿಳ್ಳೆ ನಿಂತಿತು. ನಿಂತ ಮೇಲೆಯೇ ಅವಳಿಗೆ ಗೊತ್ತಾದದ್ದು, ತಾನದಕ್ಕೆ ಕಿವಿಗೊಟ್ಟು ಕಾಯುತ್ತಿದ್ದೆ ಎಂದು.

'ಛೆ, ಇದೇನು ಹುಚ್ಚು!'

ಐದನೆಯ ದಿನ ಬೆಳಿಗ್ಗೆ, ಢಂ!

ಎದ್ದುಬಿದ್ದು ಮೇಲೆ ಓಡಿದಳು. ಮುಚ್ಚಳ ಹಾರಿ ನೀರಿನ ಟ್ಯಾಂಕಿನ ಮೇಲಿತ್ತು. ಒಗೆದು ಹರವಿದ ಬಟ್ಟೆಗಳ ತುಂಬ ಕಂದು ರಾಡಿ. ನಡುವೆ, ಬಟ್ಟೆ ಹರವಲು ಬಂದಿದ್ದ ಅವಳ ಅತ್ತೆ. ತಲೆಯ ಮೇಲೆ ಬಾಳೆಹಣ್ಣಿನ ಸಿಪ್ಪೆ.

"ನೋಡೇ, ಪಟ್ಟಾಭಿಷೇಕ ಆಯ್ತು ನಂಗೆ!"

ಅವಳು ನಕ್ಕಳು. ಎರಡು ವರ್ಷದ ಮೇಲೆ. ನಗುನಗುತ್ತಲೇ ಅಳು ಬಂತು.

"ಇಷ್ಟು ದಿನ ಯಾಕೆ ಸಿಡೀಲಿಲ್ಲ ಅತ್ತೆ?"

"ಸಿಡಿಯೋಕೆ ಅವನು ಬಿಟ್ರೆ ತಾನೇ! ನೀನು ಕೆಲಸಕ್ಕೆ ಹೋದ ಮೇಲೆ ದಿನಾ ಬಂದು, ಗಾಳಿ ಬಿಟ್ಟು, ಮತ್ತೆ ನಿನ್ನ ಹಾಗೇ ಬಿಗಿ ಮಾಡಿ ಹೋಗ್ತಿದ್ದ. ಮಣ್ಣು ತೊಳಿ ಅಂದೋಳೂ ನಾನೇ."

"ನಂಗೆ ಹೇಳಬಾರದಿತ್ತಾ?"

"ಹೇಳಿದ್ರೆ ಕೇಳೋ ಪೈಕಿನಾ ನೀನು?" ಅತ್ತೆ ಸಿಪ್ಪೆ ಕೊಡವಿ, ಅವಳ ಗಲ್ಲ ಹಿಡಿದರು. "ನನ್ನ ಮಗ ನಂಗೆ ಬಿಟ್ಟು ಹೋಗಿದ್ದು ಗಿಡಾನಲ್ಲ ಕಣೇ... ನಿನ್ನ."

ಬೇಕರಿಯಲ್ಲಿ ಅವನು ಹಿಟ್ಟು ನಾದುತ್ತಿದ್ದ. ಅವಳನ್ನು ಕಂಡು ಕೈ ನಿಂತಿತು.

"ಡಬ್ಬ ಸಿಡೀತು."

"ಅಯ್ಯೋ! ಯಾರಿಗಾದ್ರೂ ಏಟು..."

"ಇಲ್ಲ. ಅತ್ತೆಗೆ ಪಟ್ಟಾಭಿಷೇಕ ಆಯ್ತು."

ಅವನು ನಕ್ಕ. ಅವಳು ನಗಲಿಲ್ಲ.

"ಅವತ್ತು ಹಾಗೆ ಅನ್ನಬಾರದಿತ್ತು ನಾನು."

ಅವನು ಹಿಟ್ಟಿನ ಕಡೆ ನೋಡುತ್ತಲೇ ಹೇಳಿದ. "ನಮ್ಮಮ್ಮ ತೀರ್ಕೊಂಡ ವರ್ಷ, ಅವಳ ಗುಲಾಬಿಗೆ ನಾನೂ ಹೀಗೇ ಗಟ್ಟಿ ನೀರು ಹಾಕಿದ್ದೆ. ದಿನಾ. ಉಳೀಲಿಲ್ಲ. ಅದಕ್ಕೇ ನಿಮ್ಮ ಗಿಡ ನೋಡಿ ಸುಮ್ಮನಿರೋಕೆ ಆಗ್ಲಿಲ್ಲ."

ಅವಳು ಹಿಟ್ಟಿನ ಮೇಜಿನ ಹತ್ತಿರ ಬಂದಳು.

"ಎಷ್ಟು ಹಾಕಬೇಕು? ಹೇಳಿಕೊಡಿ."

"ಸೋಸಿ, ಒಂದು ಲೋಟಕ್ಕೆ ಹತ್ತು ಲೋಟ ನೀರು. ಒದ್ದೆ ಮಣ್ಣಿಗೆ ಮಾತ್ರ, ಹದಿನೈದು ದಿನಕ್ಕೊಂದ್ಸಲ. ಈಗಂತೂ ಏನೂ ಬೇಡ, ಬರೀ ನೀರು. ಚಿಗುರಲಿ." ಕಣ್ಣಲ್ಲಿ ತುಂಟತನ ಮಿಂಚಿತು. "ಗ್ರಂಥಾಲಯದಲ್ಲಿ ಕೂತು ಒಂದು ಪುಸ್ತಕ ತೆಗೆದು ನೋಡಬಾರದಿತ್ತಾ ಮೇಡಂ?"

ನಿಂಬೆ ಚಿಗುರಲು ಏಳು ವಾರ ಹಿಡಿಯಿತು. ಮೊದಲ ಚಿಗುರು ಸಾಸಿವೆಯಷ್ಟಿತ್ತು. ಅದನ್ನು ಮೊದಲು ಕಂಡದ್ದು ಅವನು. ಮೆಟ್ಟಿಲಿಳಿದು ಓಡಿಬಂದು ಅವಳನ್ನು ಕರೆದೊಯ್ದು ತೋರಿಸಿದ.

ಮರುದಿನ ಅವಳು ಹೊಸ ಡಬ್ಬ ಇಟ್ಟಳು.

ಸಂಜೆ ಅವನು ಮುಚ್ಚಳ ಮುಟ್ಟಿ ನೋಡಿದ.

"ಮತ್ತೆ ಬಿಗಿ ಮಾಡಿದ್ದೀರಾ! ಸಡಿಲ ಬಿಡಿ ಅಂದಿರಲಿಲ್ವಾ?"

"ಬಿಡಲ್ಲ."

"ಯಾಕೆ?"

ಅವಳು ಚಿಗುರನ್ನೇ ನೋಡುತ್ತಿದ್ದಳು. "ಸಡಿಲ ಬಿಟ್ರೆ... ನೀವು ದಿನಾ ಯಾಕೆ ಬರ್ತೀರಿ?"

ಅವನ ಕೈ ಮುಚ್ಚಳದ ಮೇಲೇ ನಿಂತಿತು.

"ಒಂದು ದಿನ ತಪ್ಪಿದ್ರೂ ಕಷ್ಟ," ಎಂದ ಮೆಲ್ಲಗೆ.

"ಹಾಗಾದ್ರೆ ತಪ್ಪಿಸ್ಬೇಡಿ."