ಪಕ್ಕದ ಮನೆಯ ಬೆಲೆ

"ಕೊಂಡು ಇನ್ನೂ ವರ್ಷ ಆಗಿಲ್ಲ, ಇಪ್ಪತ್ತು ಲಕ್ಷದ ಮನೀನ ಇಪ್ಪತ್ತೆಂಟಕ್ಕ ಕೇಳಾಕತ್ತಾರ ನೋಡ್ರಿ!" ಎಂದು ಅತ್ತೆ ಹಾಲವ್ವ ನೆಂಟರ ಮನೆಯ ಕೂಸಿನ ತೊಟ್ಟಿಲ ಊಟಕ್ಕೆ ಬಂದವರೆದುರು ಹಿಗ್ಗಿದಾಗ, ಹೋಳಿಗೆ ಬಡಿಸುತ್ತಿದ್ದ ನೀಲಾಂಬಿಕಾಳ ಕೈ ತಡೆಯಿತು. ಹಾನಗಲ್ಲಿನ ಹೊಸ ಬಡಾವಣೆಯ ಆ ಮನೆ ಮೈದುನ ಶರಣುವಿನದು. ಹಿರಿಯ ಸೊಸೆ ತಾನು. ಹಿಟ್ಟಿನ ಗಿರಣಿಯ ಹಿಂದಿನ ಎರಡು ಬಾಡಿಗೆ ಕೋಣೆಗಳಲ್ಲಿ ಹನ್ನೆರಡು ವರ್ಷ ಅತ್ತೆಯ ಸೇವೆ ಮಾಡಿದವಳು ತಾನು! ನಿನ್ನೆ ಮೊನ್ನೆ ಶರಣುವಿನ ಕೈ ಹಿಡಿದು ಬಂದ ನೆಗೆಣ್ಣಿ ಸುಧಾರಾಣಿಗೆ ಮನೆಯೂ ಸಿಕ್ಕಿತು, ಆ ಮನೆಗೆ ಅತ್ತೆಯೂ ಹೋದಳು... ಅವಳ ಹೊಟ್ಟೆಗೆ ಬೆಂಕಿ ಬಿತ್ತು.

ಅಂದಿನಿಂದ, ತಮಗೂ ಅಂಥದೇ ಮನೆ ಬೇಕೆಂಬ ಅವಳ ಕಾಟಕ್ಕೆ, ಗಂಡ ರುದ್ರೇಶನಿಗೆ ಮನೆಯಲ್ಲಿ ನೆಮ್ಮದಿಯ ತುತ್ತಿಲ್ಲ. "ಗಿರಣಿ ದುಡಿಮ್ಯಾಗ ಕಂತು ಕಟ್ಟಾಕ ಆಗೂದಿಲ್ಲ ನೀಲಾ," ಎಂದು ಅಂಗಲಾಚಿದ. ಸಾಲದ ಕಂಪನಿಯ ಏಜೆಂಟ ಮಲ್ಲೇಶಪ್ಪ ನಕ್ಕುಬಿಟ್ಟ. "ಆದಾಯದ ಕಾಗದ ನಾವ ತಯಾರ ಮಾಡ್ತೇವ್ರಿ. ಕಟ್ಟಾಕ ಆಗ್ಲಿಲ್ಲಂದ್ರ ಮನಿ ಮಾರ್ರಿ. ಬೆಲಿ ಏರೂದ ಬಿಟ್ಟು ಇಳಿಯೂದು ಎಲ್ಲೈತ್ರಿ?" ಕೇಳಿದವರಿಗೆಲ್ಲ ಹೀಗೆ ಸಾಲ ಸಿಗುತ್ತಿತ್ತು, ಒಂದು ಮನೆಗೆ ಹತ್ತು ಜನ ಮುಗಿಬೀಳುತ್ತಿದ್ದರು. ನೀಲಾಂಬಿಕಾ ಹಟ ಹಿಡಿದು ಸುಧಾರಾಣಿಯ ಪಕ್ಕದ ಮನೆಯನ್ನೇ ಕೊಂಡಳು, ಮೂವತ್ತೈದು ಲಕ್ಷಕ್ಕೆ! ಒಂದು ವರ್ಷ ತಲೆಯೆತ್ತಿ ಓಡಾಡಿದಳು.

ಆಮೇಲೆ ಕಂತು ತಪ್ಪಿದವರು ಒಬ್ಬರಲ್ಲ, ಇಬ್ಬರಲ್ಲ. ಹೆದರಿದ ಕಂಪನಿ ಹೊಸ ಸಾಲ ನಿಲ್ಲಿಸಿತು. ಸಾಲವಿಲ್ಲದೆ ಕೊಳ್ಳುವವರೆಲ್ಲಿ? ಮೂವತ್ತೈದರ ಮನೆಯನ್ನು ಹದಿನೆಂಟಕ್ಕೂ ಯಾರೂ ಕೇಳಲಿಲ್ಲ. ಒಂದು ಮುಂಜಾನೆ ನೀಲಾಂಬಿಕಾಳ ಬಾಗಿಲಿಗೆ ಜಪ್ತಿಯ ನೋಟಿಸು ಅಂಟಿತು. ಅಳುತ್ತಲೇ ಹೊರಬಂದವಳು ಸುಧಾರಾಣಿಯ ಬಾಗಿಲಲ್ಲೂ ಅಂಥದೇ ಕಾಗದ ಕಂಡಳು... ಅಯ್ಯೋ, ಆ ದುಃಖದಲ್ಲೂ ಅವಳ ಹೊಟ್ಟೆ ತಣ್ಣಗಾಯಿತು!

"ನೀವು ಇಪ್ಪತ್ತಕ್ಕ ಕೊಂಡೋರು. ನಿಮಗ್ಯಾಕ ನೋಟಿಸು?"

ಸುಧಾರಾಣಿ ಬಿಕ್ಕಿದಳು. "ಅಕ್ಕಾ, ನೀವು ಮೂವತ್ತೈದು ಕೊಟ್ರೆಲ್ರಿ... ಮರುದಿನಾನ ಮಲ್ಲೇಶಪ್ಪ ಬಂದ. 'ಪಕ್ಕದ್ದು ಮೂವತ್ತೈದಂದ್ರ ನಿಮ್ಮದೂ ಅಷ್ಟ ಆತು, ಅದರ ಮ್ಯಾಲ ಇನ್ನಷ್ಟು ಸಾಲ ತಗೋರಿ' ಅಂದ. ನಿಮ್ಮ ಹೊಸ ಸೋಫಾ, ಪರದೆ ನೋಡಿ ನನಗ ಹೊಟ್ಟಿ ಉರೀತಿತ್ರಿ. ನಿಮ್ಮ ಸರಿಸಮ ಆಗಬೇಕಂತ ಇವರ ಕೈಲಿ ಸಹಿ ಮಾಡಿಸಿದೆ!"

ನೀಲಾಂಬಿಕಾ ಅವಳ ಬಾಗಿಲಿನ ನೋಟಿಸನ್ನು ಮತ್ತೆ ಓದಿದಳು. ತನ್ನನ್ನು ನೋಡಿ ಕರುಬುವವಳೂ ಲೋಕದಲ್ಲಿದ್ದಳೇ! ತನ್ನ ಮತ್ಸರ ಏರಿಸಿದ ಬೆಲೆಯೇ ಈ ಹುಡುಗಿಯ ಕೊರಳಿಗೂ ಸುತ್ತಿಕೊಂಡಿತೇ!

ಅವಳ ಬಳಿ ಉಳಿದಿದ್ದು ತಿಳವಳ್ಳಿಯಲ್ಲಿ ತಂದೆ ಕೊಟ್ಟ ಅರ್ಧ ಎಕರೆ ಗದ್ದೆ. "ಅದನ್ನ ಮಾರಿದ್ರೂ ನಮ್ಮನಿ ಉಳಿಯೂದಿಲ್ರಿ. ಅವರ ಬಾಕಿ ಕಡಿಮಿ, ಅವರದು ಉಳೀತೈತಿ," ಎಂದಳು ಗಂಡನಿಗೆ. ರುದ್ರೇಶ ಗದ್ದೆಯ ಪತ್ರ ಹೊರತೆಗೆದ. ಗದ್ದೆ ಮಾರಿ ಮೈದುನನ ಬಾಕಿ ತೀರಿಸಿದರು.

ತಮ್ಮ ಮನೆಯ ಕೀಲಿ ಕಂಪನಿಗೆ ಒಪ್ಪಿಸಿದ ದಿನ ಸುಧಾರಾಣಿ ಕೈ ಹಿಡಿದುಕೊಂಡಳು. "ನಮ್ಮ ಕೂಡ ಇರ್ರಿ ಅಕ್ಕಾ!"

"ಬ್ಯಾಡವ್ವ. ಒಂದ ಸೂರಿನಡಿ ಇದ್ರ ನನ್ನ ಹೊಟ್ಟಿಕಿಚ್ಚು ಮತ್ತ ಹೊತ್ತಕೋತೈತಿ. ನನ್ನ ಬುದ್ಧಿ ನನಗ ಗೊತ್ತೈತಿ," ಎಂದು ನೀಲಾಂಬಿಕಾ ಅಳುತ್ತಲೇ ನಕ್ಕಳು.

ಗಿರಣಿಯ ಹಿಂದಿನ ಹಳೆಯ ಕೋಣೆಗಳತ್ತ ಹೊರಟು ನಾಲ್ಕು ಹೆಜ್ಜೆ ಇಟ್ಟಿದ್ದಳು. ಹಿಂದಿನಿಂದ ಏದುಸಿರು ಕೇಳಿಸಿತು. ಕಂಕುಳಲ್ಲಿ ಸೀರೆಯ ಗಂಟು ಇಟ್ಟುಕೊಂಡು ಹಾಲವ್ವ ಬರುತ್ತಿದ್ದಳು.

"ಸಾವಕಾಶ ನಡಿ ನೀಲಾ... ನಾನೂ ಬರ್ತೇನಿ."