ಸೀರೆ ಅಂಗಡಿ ಮುಂದೆ ನಿಲ್ಲುತ್ತಿದ್ದವನು

"ಏನ್ರೀ! ದಿನಾ ಇಲ್ಲೇ ನಿಂತು ಹಿಂಗ್ಯಾಕ ನೋಡ್ತೀರಿ? ನಾಚಿಕಿ ಆಗಂಗಿಲ್ಲೇನು?"

ಜಯನಗರ ಫೋರ್ತ್ ಬ್ಲಾಕ್‌ನ ಸಂಜೆಯ ಜನವೆಲ್ಲ ತಿರುಗಿ ನೋಡಿತು. ಸೀರೆ ಅಂಗಡಿಯ ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದವಳು ರಾಜಶ್ರೀ. ಗದಗದವಳು, ಇಲ್ಲಿ ಸೀರೆ ತೋರಿಸುವ ಕೆಲಸ, ಬಿಟಿಎಂ ಬಡಾವಣೆಯಲ್ಲಿ ಬಾಡಿಗೆ ರೂಮು. ಗಂಡ ಬಿಟ್ಟುಹೋದ ಮೇಲೆ ಗಂಡಸರ ನೋಟವನ್ನು ಅವಳು ನಂಬುತ್ತಿರಲಿಲ್ಲ.

ಎದುರಿಗಿದ್ದವನ ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು.

"ಅಯ್ಯೋ ಮೇಡಂ, ನಿಮ್ಮನ್ನ ನೋಡ್ತಿಲ್ಲ... ಸೀರೇನೂ ನೋಡ್ತಿಲ್ಲ. ಕಾಲು ಹಿಡ್ಕೊಂಡಿದೆ. ಒಂದ್ನಿಮಿಷ ನಿಂತ್ರೆ ಸರಿಹೋಗತ್ತೆ."

"ಅದಕ್ಕ ನಮ್ಮಂಗಡೀನ ಬೇಕೇನು?"

"ಪಕ್ಕದ್ದು ಬೀಡಾ ಅಂಗಡಿ. ಅಲ್ಲಿ ನಿಂತ್ರೆ ಕೈ ಸಿಗರೇಟಿಗೆ ಹೋಗತ್ತೆ. ಈ ಕಾಲು ತಿಂದಿದ್ದೇ ಆ ಸಿಗರೇಟು."

ರಾಜಶ್ರೀಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು! ಒಳಗೆ ಓಡಿಹೋಗಿ ಒಂದು ಸ್ಟೂಲ್ ತಂದಿಟ್ಟಳು.

ಅವನು ಯುವರಾಜ್. ಅದೇ ಬೀದಿಯ ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವ ಕೆಲಸ. ಕಾಲಿನ ರಕ್ತನಾಳ ಕಟ್ಟಿಕೊಂಡು, ತೊಡೆಯಿಂದ ಒಂದು ರಕ್ತನಾಳ ತೆಗೆದು ಅಲ್ಲಿ ಜೋಡಿಸಿ ಬೈಪಾಸ್ ಮಾಡಿದ್ದರು. ನಡೀಬೇಕು, ನೋವು ಬಂದರೆ ನಿಲ್ಲಬೇಕು, ಮತ್ತೆ ನಡೀಬೇಕು ಎಂದು ಡಾಕ್ಟರು ಹೇಳಿದ್ದರು. ಅವನು ನಿಂತ ಜಾಗದಲ್ಲೇ ಪ್ರೀತಿ ಹುಟ್ಟಿದ್ದು ಮಾತ್ರ ಯಾವ ಡಾಕ್ಟರೂ ಬರೆದುಕೊಟ್ಟಿದ್ದಲ್ಲ.

ಸಂಜೆಯಾದರೆ ರಾಜಶ್ರೀ ಸೀರೆ ಮಡಿಸುತ್ತಾ ಬಾಗಿಲು ನೋಡುತ್ತಿದ್ದಳು. 'ಇನ್ನೂ ಬರ್ಲಿಲ್ಲಲ್ಲ...' ಅವನು ಬಂದರೆ ಮುಖ ಅರಳುತ್ತಿತ್ತು. ಒಂದು ದಿನ ತನ್ನ ಗಂಡನ ಕಥೆಯನ್ನೂ ಹೇಳಿಬಿಟ್ಟಳು.

ಮರುದಿನದಿಂದ ಯುವರಾಜ್ ಬರಲೇ ಇಲ್ಲ!

ಫೋನ್ ಮಾಡಿದರೆ ಒಂದೇ ಮಾತು: "ನನಗೋಸ್ಕರ ಕಾಯ್ಬೇಡಿ ಮೇಡಂ."

'ಗಂಡ ಬಿಟ್ಟಾಕಿ ಅಂತ ಗೊತ್ತಾತು, ಅದಕ್ಕ...' ಟ್ರಯಲ್ ರೂಮಿನಲ್ಲಿ ಬಾಗಿಲು ಹಾಕಿಕೊಂಡು ಅತ್ತಳು. ಆಮೇಲೆ ಅವನನ್ನು ಬಾಯಿತುಂಬ ಬೈದಳು.

ಮುಂದಿನ ವಾರ ಅವನ ತಂಗಿ ಶಾಲಿನಿ ಅಂಗಡಿಗೆ ಬಂದಳು.

"ಅಕ್ಕಾ, ಅಣ್ಣ ಆಸ್ಪತ್ರೇಲಿ ಇದಾನೆ. ಬೈಪಾಸ್ ಮಾಡಿದ ನರದಲ್ಲೂ ಕೊಬ್ಬು ಕಟ್ಕೊಂಡಿದೆಯಂತೆ. ನಾಳೆ ಅದ್ರೊಳಗೆ ಬಲೂನ್ ಉಬ್ಬಿಸಿ ದಾರಿ ಬಿಡಿಸೋಕೆ ನೋಡ್ತಾರೆ. ಆಗ್ಲಿಲ್ಲ ಅಂದ್ರೆ... ಮೊಣಕಾಲಿಂದ ಕೆಳಗೆ ಕಾಲೇ ತೆಗೀಬೇಕಂತೆ."

ರಾಜಶ್ರೀಯ ಕೈಲಿದ್ದ ಸೀರೆ ಜಾರಿತು. ಆಟೋ ಹತ್ತಿ ನೇರ ಬಿಳೇಕಹಳ್ಳಿಯ ಆಸ್ಪತ್ರೆಗೆ ಬಂದಳು.

"ಯಾಕೆ ಬಂದ್ರಿ?" ಯುವರಾಜ್ ಗೋಡೆಯ ಕಡೆ ತಿರುಗಿದ. "ಒಬ್ಬ ನಿಮ್ಮನ್ನ ಬಿಟ್ಟುಹೋದ. ಇನ್ನೊಬ್ಬ ಹೊರೆ ಆಗ್ಬೇಕಾ?"

"ಅದು ನಾ ಹೇಳೂ ಮಾತು. ನಿಮಗ್ಯಾರು ಹೇಳಂದ್ರು?"

"ಸಿಗರೇಟು ಬಿಟ್ಟೆ, ಮಾತ್ರೆ ತಗೊಂಡೆ, ದಿನಾ ನಡೆದೆ... ಎಲ್ಲಾ ಮಾಡ್ದೆ ರಾಜಶ್ರೀ. ಆದ್ರೂ ಕಟ್ಕೊಳ್ತು. ಇನ್ನೇನು ಮಾಡ್ಲಿ?"

ಅವಳು ಹೊದಿಕೆ ಸರಿಸಿ ಅವನ ಪಾದವನ್ನು ಎರಡೂ ಅಂಗೈಗಳ ನಡುವೆ ಇಟ್ಟುಕೊಂಡಳು. ಎಷ್ಟು ಹೊತ್ತು ಹಿಡಿದರೂ ತಣ್ಣಗೇ ಇತ್ತು. ಇಷ್ಟು ಪ್ರೀತಿಯಿದ್ದೂ ಒಂದು ಪಾದ ಬೆಚ್ಚಗೆ ಮಾಡಲಾಗದಲ್ಲ ಎಂದು ಅವಳಿಗೆ ಕಣ್ಣೀರು ಉಕ್ಕಿ ಬಂತು.

"ಬಿಟ್ಬಿಡಿ, ಅದು ಬೆಚ್ಚಗಾಗಲ್ಲ."

"ಆಗದಿದ್ರ ಆಗದಿರ್ಲಿ. ನಾ ಬಿಡಂಗಿಲ್ಲ."

ಅಷ್ಟರಲ್ಲಿ ನರ್ಸ್ ಬಂದಳು. "ಪೇಷಂಟ್ ಕಡೆಯವರು ಯಾರಿದೀರಾ? ನೀವು ಇವರಿಗೆ ಏನಾಗ್ಬೇಕು?"

ರಾಜಶ್ರೀ ತಲೆ ತಗ್ಗಿಸಿದಳು. ಏನೆಂದು ಹೇಳಿಯಾಳು?

"ಮದ್ವೆ ಆಗೋರು ಸಿಸ್ಟರ್," ಎಂದ ಯುವರಾಜ್. "ಅಂದ್ರೆ... ಅವರು ಒಪ್ಪಿದ್ರೆ."

"ಇಲ್ಲೇ ಕೇಳೂದೇನ್ರೀ ಇದು?"

"ನಾಳೆ ಕೇಳೋಕೆ ಧೈರ್ಯ ಇರತ್ತೋ ಇಲ್ವೋ. ಕಾಲು ಹೋದ್ರೆ?"

"ನನಗೂ ಹೆದ್ರಿಕಿ ಆಗೇತ್ರೀ... ಭಾಳ. ಇಬ್ರೂ ಕೂಡೇ ಹೆದ್ರೂಣು."

"ಅಂದ್ರೆ ಹೂಂ ಅಂತಾನಾ?"

"ಹೂಂ," ಎಂದಳು ರಾಜಶ್ರೀ, ಪಾದ ಬಿಡದೆ.